ಅಕ್ಷರದೊಳಗಿದ್ದ ಹುಲಿಗೆವ್ವ

ಮೊನ್ನೆ ಯಲಬುರ್ಗಾದ ನಮ್ಮ ಕಚೇರಿಯಲ್ಲಿ ಪಕ್ಕದ ಟೇಬಲ್ಲಿನ ಕೊಟ್ರಪ್ಪನವರು ಕಂಪ್ಯೂಟರಿನಲ್ಲಿ ಯಾವುದೋ ಹಳೆಯ ಫೈಲು ತೆರೆದು, ಕನ್ನಡಕವನ್ನು ಹಣೆಗೇರಿಸಿ, "ಮೇಡಂ, ಇದು ಕೆಟ್ಟು ಹೋಗೈತ್ರಿ. ತಗದು ಬಿಡ್ಲೇನು?" ಎಂದರು. ಎದ್ದು ಹೋಗಿ ನೋಡಿದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಕೆಲವು ತಲೆಯ ಮೇಲೆ ಗೀರು ಹೊತ್ತಿದ್ದವು, ಕೆಲವು ಚುಕ್ಕೆ ಇಟ್ಟುಕೊಂಡಿದ್ದವು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಾನು ನಿಂತಲ್ಲೇ ಓದಿದೆ: "'ವಿಷಯ: ಬೇವೂರಿನ ಕೆರೆಯ ಹೂಳು ತೆಗೆಯುವ ಕುರಿತು.' ಕೆಟ್ಟಿಲ್ರಿ, ಹಳೇ ಫಾಂಟು ಅಷ್ಟ." ಕೊಟ್ರಪ್ಪನವರು ಮೈಮೇಲೆ ದೇವರು ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಆ ವಿದ್ಯೆ ನನ್ನದಲ್ಲ, ನಾನು ಹಿಂದೆ ಕೊಪ್ಪಳದಲ್ಲಿ ಕೆಲಸಕ್ಕಿದ್ದ ಅಂಗಡಿಯ ಯಜಮಾನರಾದ ಮಹಬೂಬಣ್ಣನವರದು. ಅವರಿಗೆ ಒಂದು ಮಾತು ಹೇಳುವುದನ್ನು ನಾನು ಹನ್ನೆರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ನಾನು ಮಾಡಿದ ಒಂದು ತಪ್ಪನ್ನು ಅವರು ತಮ್ಮದೆಂದುಕೊಂಡರು. ನಾನು ಬಾಯಿ ಬಿಡಲಿಲ್ಲ. ಇಷ್ಟೇ ವಿಷಯ. ಆದರೆ ಆ ಹಳೆಯ ಫಾಂಟಿನ ಫೈಲು ನೋಡಿದಾಗಿನಿಂದ ಊಟ ಸೇರುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಮೊದಲು ನಿಮ್ಮ ಮುಂದೆ ಹೇಳಿದರೆ ಅವರ ಮುಂದೆ ಹೇಳುವ ಧೈರ್ಯ ಬಂದೀತೇನೋ ನೋಡೋಣ.

ಮಹಬೂಬಣ್ಣನವರ ಡಿಟಿಪಿ ಅಂಗಡಿ ಕೊಪ್ಪಳ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಲಗ್ನಪತ್ರಿಕೆ, ಅರ್ಜಿ, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್. ಆಗ ಕನ್ನಡ ಟೈಪು ಮಾಡುವುದೆಂದರೆ ಒಂದು ನಾಟಕ. ಒಳಗೆ ಇರುವುದೆಲ್ಲ ಇಂಗ್ಲಿಷ್ ಅಕ್ಷರವೇ. ಅದಕ್ಕೆ ಫಾಂಟು ಎಂಬ ಅಂಗಿ ತೊಡಿಸಿದರೆ ಹೊರಗೆ ಕನ್ನಡವಾಗಿ ಕಾಣುತ್ತಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಫೈಲು ಒಯ್ದರೆ ಅಂಗಿ ಕಳಚಿ, ಕೊಟ್ರಪ್ಪನವರು ಕಂಡಂಥ ಗೊಂದಲ ಪರದೆಯ ಮೇಲೆ ಬತ್ತಲೆ ನಿಲ್ಲುತ್ತಿತ್ತು. ಮಹಬೂಬಣ್ಣನವರು ಅದನ್ನು ಹಾಗೇ ಓದುತ್ತಿದ್ದರು. ಕುಷ್ಟಗಿಯಿಂದ ಒಬ್ಬ ಯಜಮಾನರು ಮಗಳ ಲಗ್ನಪತ್ರಿಕೆಯ ಫೈಲು ಹಿಡಿದುಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಬಂದಿದ್ದರು. ಇವರು ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ, "ಮುಹೂರ್ತ ಹನ್ನೆರಡೂ ಇಪ್ಪತ್ತಕ್ಕ ಐತಿ, ಬೀಗರ ಹೆಸರೂ ಐತಿ. ಮತ್ತ ಯಾಕ ಅಳೋ ಹಂಗ ಮಾಡೀರಿ? ಕುಂದ್ರಿ, ಚಾ ಕುಡೀರಿ" ಎಂದರು. ಯಾವ ಕಂಪ್ಯೂಟರಿನಲ್ಲೂ ಕಾಣುವ ಹೊಸ ಕಾಲದ ಕನ್ನಡಕ್ಕೆ, ಯೂನಿಕೋಡಿಗೆ, ತಿರುಗಿಸುವ ಒಂದು ಸಾಫ್ಟ್‌ವೇರು ಅವರ ಬಳಿ ಇತ್ತು. ಅದು ತಿರುಗಿಸಿ ಮುಗಿಸುವುದರೊಳಗೆ ಇವರು ಬಾಯಲ್ಲೇ ಓದಿ ಮುಗಿಸಿರುತ್ತಿದ್ದರು. ಗಂಗಾವತಿಯ ಡಿಟಿಪಿಯವರೂ ಅಡ್ಡಿಯಾದರೆ ಇವರ ಹತ್ತಿರವೇ ಬರುತ್ತಿದ್ದರು.

ನಾನಾಗ ದಿನಾ ಬೇವೂರಿನಿಂದ ಬಸ್ಸಿಗೆ ಬರುತ್ತಿದ್ದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ನಾನು ತಡವಾಗಿರುತ್ತಿದ್ದೆ, ನಾನು ಹೊತ್ತಿಗೆ ಸರಿಯಾಗಿ ನಿಂತ ದಿನ ಅದು ತಡ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ, ವೆಬ್‌ಸೈಟು ಮಾಡುವುದು ಗೊತ್ತಿತ್ತು, ಅಂಗಡಿಯಲ್ಲಿ ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ಸಾಕಲ್ಲ, ಮನುಷ್ಯರಿಗೆ ಕೋಡು ಮೂಡುವುದಕ್ಕೆ? ಮಹಬೂಬಣ್ಣ ಪುಟ ವಿನ್ಯಾಸದ ಬಗ್ಗೆ ಏನಾದರೂ ಕೇಳಿದರೆ, "ಅದೆಲ್ಲ ನಿಮಗ ತಿಳಿಯಂಗಿಲ್ಲ ಬಿಡ್ರಿ ಅಣ್ಣಾರ" ಎನ್ನುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಹೌದವಾ ತಂಗಿ, ನಂದು ಬರೇ ಅಕ್ಷರದ ಕೆಲಸ" ಎಂದು ಸುಮ್ಮನಾಗುತ್ತಿದ್ದರು. ಈಗ ನೆನಪಾದರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕು ಅನಿಸುತ್ತದೆ.

ಆ ವರ್ಷ ಆನೆಗೊಂದಿಯಿಂದ ಲಕ್ಷ್ಮವ್ವ ಎಂಬ ಹೆಣ್ಣುಮಗಳು ಬಂದಳು. ಬಾಳೆ ನಾರಿನ ಚೀಲ, ಬುಟ್ಟಿ, ಚಾಪೆ ಮಾಡುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಯಾವುದೋ ಪ್ರದರ್ಶನದಲ್ಲಿ ಒಬ್ಬರು "ನಿಮ್ಮ ವೆಬ್‌ಸೈಟ್ ಇದೆಯಾ?" ಎಂದು ಕೇಳಿದರಂತೆ. ಈಕೆ ಒಂದಿಷ್ಟೂ ಅಳುಕದೆ, "ಐತ್ರಿ, ಮುಂದಿನ ತಿಂಗಳ ಬರ್ತೈತಿ" ಎಂದಿದ್ದಳು. ಅದನ್ನು ಬರಿಸುವ ಕೆಲಸ ನಮಗೆ ಬಂತು.

ಫೋಟೋ ತೆಗೆಯಲು ನಾವಿಬ್ಬರೂ ಆನೆಗೊಂದಿಗೆ ಹೋದೆವು. ಲಕ್ಷ್ಮವ್ವನ ತಾಯಿ ಹುಲಿಗೆವ್ವ ಕಲ್ಲುಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ನಾರು ಬಿಡಿಸುತ್ತಿದ್ದಳು. ಗುಂಪಿನವರಿಗೆಲ್ಲ ಕೈಕೆಲಸ ಕಲಿಸಿದವಳು ಅವಳೇ. ಕ್ಯಾಮೆರಾ ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಂಡು, "ನಂದು ತಗೀಬ್ಯಾಡ್ರಿ, ನಿಮ್ಮ ಮಿಷಿನ್ ಕೆಟ್ಟೀತು" ಎನ್ನುತ್ತಿದ್ದಳು. ಕೊನೆಗೆ ಮಹಬೂಬಣ್ಣ ಕ್ಯಾಮೆರಾವನ್ನು ನನ್ನ ಕೈಗಿಟ್ಟು, ಅವಳೆದುರು ಚಕ್ಕಳಮಕ್ಕಳ ಕೂತು, ತಾವೂ ಒಂದು ಎಳೆ ಹಿಡಿದು ಹೊಸೆಯಲು ಹೋದರು. ಪಟ್ಟನೆ ಹರಿಯಿತು. ಇನ್ನೊಂದು ಹಿಡಿದರು, ಅದೂ ಹರಿಯಿತು. ಮೂರನೆಯದು ಹರಿದಾಗ ಹುಲಿಗೆವ್ವ, "ಸಾಹೇಬ್ರ, ನಿಮ್ಮ ಕೈಗೆ ಬಾಳಿಹಣ್ಣು ಸುಲಿಯೋದಷ್ಟ ಬರೆದೈತಿ ನೋಡ್ರಿ" ಎಂದು ಬಾಯ್ತುಂಬ ನಕ್ಕಳು. ಸೆರಗು ಜಾರಿತು. ನಾನು ಗುಂಡಿ ಒತ್ತಿದೆ. ಎಷ್ಟು ಚಂದದ ಫೋಟೋ ಅಂತೀರಿ! ಹಲ್ಲಿಲ್ಲದ ಬಾಯಿ, ಕಣ್ಣಿನ ಸುತ್ತ ನೂರು ಗೆರೆ, ಮಡಿಲಲ್ಲಿ ನಾರು ಹಿಡಿದ ಎರಡು ಕೈ. ನಾನು ಜೀವಮಾನದಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಅದು.

ಪುಟ ತಯಾರಾದ ಮೇಲೆ ಲಕ್ಷ್ಮವ್ವನನ್ನು ಕರೆಸಿ ತೋರಿಸಿದೆ. ಆಗಿನ ಇಂಟರ್ನೆಟ್ಟಿನ ಗತಿ ನಿಮಗೂ ನೆನಪಿರಬಹುದು. ಬರಹವೆಲ್ಲ ಬಂತು, ಫೋಟೋ ಇರಬೇಕಾದ ಕಡೆ ಖಾಲಿ ಚೌಕ, ಮೂಲೆಯಲ್ಲೊಂದು ಕೆಂಪು ಗುಣಾಕಾರದ ಗುರುತು. "ನಮ್ಮವ್ವ ಎಲ್ಲಿ ಅದಾಳ್ರಿ?" ಎಂದಳು ಲಕ್ಷ್ಮವ್ವ. "ಬರ್ತಾಳ, ತಡಿರಿ" ಎಂದೆ. ಚಹ ಬಂತು, ಕುಡಿದೆವು, ಲೋಟ ಒಳಗೆ ಹೋದವು. ಹುಲಿಗೆವ್ವ ಬರಲಿಲ್ಲ. ಕರೆಂಟು ಹೋಯಿತು. ಲಕ್ಷ್ಮವ್ವ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಅವಮಾನವಾಯಿತು. ಅದಕ್ಕೆ ಏನು ಉಪಾಯ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದೇ ಈ ವಿದ್ಯೆ. ವೆಬ್‌ಸೈಟಿಗೆ ಸ್ಟೈಲ್‌ಶೀಟ್ ಅಂತ ಒಂದು ಹಾಳೆ ಇರುತ್ತದೆ. ಬಣ್ಣ ಯಾವುದು, ಅಕ್ಷರ ಎಷ್ಟು ದೊಡ್ಡದು, ಯಾವುದು ಎಲ್ಲಿ ಕೂರಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಚಿತ್ರಗಳು ಮಾತ್ರ ಬೇರೆ ಕಡೆ ಇರುತ್ತವೆ. ಹಾಳೆ ಒಂದು ಬಸ್ಸಿಗೆ ಬಂದರೆ ಪ್ರತಿ ಚಿತ್ರಕ್ಕೂ ಬೇರೆ ಬೇರೆ ಬಸ್ಸು. ನಮ್ಮ ಕಡೆಯ ಬಸ್ಸಿನ ಭರವಸೆ ನಿಮಗೆ ಹೇಳಬೇಕೆ? ಅದಕ್ಕೆ ಉಪಾಯವೆಂದರೆ ಚಿತ್ರವನ್ನೇ ಅಕ್ಷರ ಮಾಡಿಬಿಡುವುದು. ಅದಕ್ಕೊಂದು ಯಂತ್ರವಿದೆ, ಈ ಕಡೆಯಿಂದ ಫೋಟೋ ಕೊಟ್ಟರೆ ಆ ಕಡೆಯಿಂದ ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಸಾಲು ಬರುತ್ತದೆ. ಓದಿದರೆ ಅರ್ಥವಿಲ್ಲ. ಆದರೆ ಅದನ್ನು ಸ್ಟೈಲ್‌ಶೀಟಿನೊಳಗೆ ಅಂಟಿಸಿದರೆ, ಹಾಳೆಯ ಜೊತೆಯಲ್ಲೇ ಬಂದು, ಪರದೆಯ ಮೇಲೆ ಮತ್ತೆ ಫೋಟೋ ಆಗಿ ನಿಲ್ಲುತ್ತದೆ. ನಮ್ಮವ್ವ ಹಳೆಯ ಸೀರೆಯ ತುಂಡನ್ನು ಕೌದಿಯಲ್ಲಿ ಹೊಲಿದುಬಿಡುತ್ತಿದ್ದಳಲ್ಲ, ಹಾಗೆ. ಆಮೇಲೆ ತುಂಡು ಬೇರೆ, ಕೌದಿ ಬೇರೆ ಅನ್ನುವ ಹಾಗಿಲ್ಲ.

ದೊಡ್ಡ ಫೋಟೋ ಆದರೆ ಅಕ್ಷರ ಲಕ್ಷಗಟ್ಟಲೆ ಆಗುತ್ತವೆ. ಹಾಗಾಗಿ ಹುಲಿಗೆವ್ವನನ್ನು ಅಂಗೈಯಷ್ಟಕ್ಕೆ ಇಳಿಸಿದೆ. ಎಂಟು ಸಾವಿರ ಚಿಲ್ಲರೆ ಅಕ್ಷರವಾದಳು. ಅಂಟಿಸಿ, ಪುಟ ತೆರೆದು ನೋಡಿದರೆ ರೆಪ್ಪೆ ಬಡಿಯುವುದರೊಳಗೆ ಬಂದು ನಗುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತಲ್ಲೇ ಕುಣಿದೆ.

ತಪ್ಪು ಮಾಡಿದ್ದು ಆ ಕುಣಿತದಲ್ಲೇ. ಫೋಟೋ ಹಾಳೆಯೊಳಗೆ ಹೊಲಿದಾಗಿದೆ, ಇನ್ನು ಬೇರೆ ಫೈಲು ಯಾಕೆ ಎಂದು ಕಂಪ್ಯೂಟರಿನಲ್ಲಿದ್ದ ಮೂಲ ಫೋಟೋ ಅಳಿಸಿದೆ. ಪಾಸ್‌ಪೋರ್ಟ್ ಫೋಟೋದವರು ಸಾಲುಗಟ್ಟಿದ್ದರು, ಕ್ಯಾಮೆರಾದ ಕಾರ್ಡು ತುಂಬಿತ್ತು, ಅದನ್ನೂ ಖಾಲಿ ಮಾಡಿದೆ. ಎಷ್ಟು ಚೊಕ್ಕ ಕೆಲಸ ನನ್ನದು ಎಂದು ನಾನೇ ಮೆಚ್ಚಿಕೊಂಡು, ಚಿಕ್ಕಪ್ಪನ ಮಗಳ ಮದುವೆಗೆಂದು ಎರಡು ದಿನ ರಜೆ ಹಾಕಿ ಕುಷ್ಟಗಿಗೆ ಹೋದೆ. ವೆಬ್‌ಸೈಟನ್ನು ತಿದ್ದಿದ ಮೇಲೆ ಇನ್ನೂ ಇಂಟರ್ನೆಟ್ಟಿಗೆ ಏರಿಸಿರಲಿಲ್ಲ, ಲಕ್ಷ್ಮವ್ವನಿಗೆ ತೋರಿಸಲು ಏರಿಸಿದ್ದ ಹಳೆಯದನ್ನು ಆಗಲೇ ತೆಗೆದುಹಾಕಿದ್ದೆ.

ತಿರುಗಿ ಬಂದ ದಿನ ಮಹಬೂಬಣ್ಣ ಖುಷಿಯಾಗಿದ್ದರು. "ತಂಗಿ, ನಿನ್ನ ಆನೆಗೊಂದಿ ಫೈಲಿನ್ಯಾಗ ಒಂದು ಹಾಳಿಗೆ ಪೂರಾ ಫಾಂಟು ಹೋಗಿತ್ತು ನೋಡು. ಪಾಪ, ಅವಸರದಾಗ ನಿನಗ ಕಂಡಿಲ್ಲ. ನಾ ಎಲ್ಲಾ ಹೊಸ ಕನ್ನಡಕ್ಕ ತಿರುಗಿಸಿ ಸೇವ್ ಮಾಡೀನಿ. ಆದ್ರ ಭಾಷಾ ಏನೂ ತಿಳೀಲಿಲ್ಲವಾ. ಸಂಸ್ಕೃತ ಇರಬೇಕು ಅಂದ್ಕೊಂಡೆ."

ತೆರೆದು ನೋಡಿದೆ. ಮೊದಲಿಗೆ ಒಂದು ಓರೆಗೆರೆ, ಆಮೇಲೆ ಕನ್ನಡದ ಒಂಬತ್ತು, ಆಮೇಲೆ ಸಾಲು ಸಾಲು ಅನುಸ್ವಾರದ ಸೊನ್ನೆಗಳು, ಮಧ್ಯೆ ಮಧ್ಯೆ ಅಕ್ಷರ. ಹುಲಿಗೆವ್ವ ಕನ್ನಡವಾಗಿದ್ದಳು! ನನಗೆ ನಗು ತಡೆಯಲಾಗಲಿಲ್ಲ. ಅದು ಬರಹವಲ್ಲ, ಫೋಟೋ ಎಂದು ಬಿಡಿಸಿ ಹೇಳಿದಾಗ ಅವರು ಹಣೆ ಹಣೆ ಬಡಿದುಕೊಂಡು ತಾವೂ ನಕ್ಕರು. ಅಚ್ಚುಮೊಳೆಯ ಕಾಲದಿಂದ ನಲವತ್ತು ವರ್ಷ ಅಕ್ಷರ ನೋಡಿದ ಕಣ್ಣು. ಅಕ್ಷರ ಕಂಡರೆ ಅದು ಯಾರದೋ ಮಾತು ಎಂದೇ ತಿಳಿಯುತ್ತದೆ. ಫೋಟೋ ಹೋದರೆ ಹೋಯಿತು, ಬುಧವಾರ ಹೋಗಿ ಇನ್ನೊಂದು ತೆಗೆದರಾಯಿತು, ಹುಲಿಗೆವ್ವ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೆವು. ಮೂಲ ಫೋಟೋದ ಮಾತೇ ಬರಲಿಲ್ಲ.

ಮರುದಿನ ಲಕ್ಷ್ಮವ್ವ ಬಂದಳು. ಬಾಗಿಲಲ್ಲೇ ನಿಂತು, "ಅವ್ವ ಹೋಗಿ ಮೂರು ದಿನ ಆತ್ರಿ" ಎಂದಳು. ಜ್ವರ ಅಂತ ಮಲಗಿದವಳು ಏಳಲಿಲ್ಲವಂತೆ. "ಹನ್ನೊಂದನೇ ದಿನಕ್ಕ ಫೋಟೋ ಇಡಬೇಕ್ರಿ. ಓಟಿನ ಕಾರ್ಡಿನ್ಯಾಗಿನದು ಬ್ಯಾಡ, ಅದರಾಗ ಅವ್ವ ಯಾರನ್ನೋ ಅಂಜಿ ನಿಂತಂಗ ಕಾಣ್ತಾಳ. ನೀವು ತಗದಿದ್ರಲ್ಲ, ನಗೋದು, ಅದನ್ನ ದೊಡ್ಡದು ಮಾಡಿ ಕೊಡ್ರಿ." ಅವ್ವ ನಗುತ್ತಿದ್ದ ಫೋಟೋ ಈ ಜಗತ್ತಿನಲ್ಲಿ ಅದೊಂದೇ ಇತ್ತು.

ಮಹಬೂಬಣ್ಣ ಅವಳನ್ನು ಕೂರಿಸಿ ನೀರು ಕೊಟ್ಟು, "ಕೊಡ್ತೀವವಾ, ಚಿಂತಿ ಮಾಡಬ್ಯಾಡ" ಎಂದು ಕಳಿಸಿದರು. ಅವಳು ಓಣಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಕಂಪ್ಯೂಟರಿನ್ಯಾಗ ಮೂಲ ಫೋಟೋ ಹಾಕಿದ್ದಿಲ್ಲೇನು ತಂಗಿ?"

"ಇಲ್ರಿ ಅಣ್ಣಾರ. ಕಾರ್ಡಿನಿಂದನ ನೇರ ತಗೊಂಡು ಸಣ್ಣದು ಮಾಡಿದ್ದೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಕಾರ್ಡು ತೆಗೆದು ನೋಡಿದರು. ಕೊಪ್ಪಳದ ಅರ್ಧ ಊರಿನ ಮುಖಗಳಿದ್ದವು, ಹುಲಿಗೆವ್ವ ಇರಲಿಲ್ಲ. "ಕಾರ್ಡು ನಾನ ಅಳಿಸಿರಬೇಕು. ಶನಿವಾರ ಶನಿವಾರ ಖಾಲಿ ಮಾಡ್ತೀನಲ್ಲ. ಆದ್ರ ಅಳಿಸಿದ್ದು ನೆಪ್ಪ ಇಲ್ಲ ನೋಡು" ಎಂದು ಸ್ವಲ್ಪ ಹೊತ್ತು ಕಾರ್ಡನ್ನೇ ನೋಡುತ್ತ ಕೂತರು. ನಾನು ಕೀಬೋರ್ಡ್ ನೋಡುತ್ತ ಕೂತೆ. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರ ಮುಂದೆ ಅಷ್ಟೊಂದು ಜಂಬ ಮಾಡಿದ್ದೆನಲ್ಲ, ಬಾಯಿ ಏಳಲಿಲ್ಲ.

ಸಾಫ್ಟ್‌ವೇರಿನಲ್ಲಿ ಕನ್ನಡವನ್ನು ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆವು. ಅದು ತನ್ನ ಬುದ್ಧಿ ಉಪಯೋಗಿಸಿ ಇಲ್ಲದ ಗೀರು, ಚುಕ್ಕೆ ಸೇರಿಸಿ ಇನ್ನಷ್ಟು ಕೆಡಿಸಿತು. ಆಗ ಮಹಬೂಬಣ್ಣ ಅಷ್ಟೂ ಕನ್ನಡವನ್ನು ಹಾಳೆಗಳ ಮೇಲೆ ಪ್ರಿಂಟು ತೆಗೆದು, ಕೆಂಪು ಪೆನ್ನು ಹಿಡಿದು ಕೂತರು. ಯಾವ ಕನ್ನಡ ಅಕ್ಷರದ ಹೊಟ್ಟೆಯಲ್ಲಿ ಯಾವ ಇಂಗ್ಲಿಷ್ ಅಕ್ಷರವಿದೆ ಎಂದು ಅವರಿಗೆ ಬಾಯಿಪಾಠ. ಒಂದೊಂದನ್ನೇ ಬರೆದರು, ನಾನು ಒಂದೊಂದನ್ನೇ ಕುಟ್ಟಿದೆ. ಗಿರಾಕಿಗಳು ಬಂದರೆ, "ಇವತ್ತ ಆಗಂಗಿಲ್ರಿ" ಎಂದು ಕಳಿಸಿದರು. ಅವರು ಗಿರಾಕಿಗಳನ್ನು ಹಿಂದೆ ಕಳಿಸಿದ್ದು ನಾನು ನೋಡಿದ್ದು ಆಗ ಮಾತ್ರ.

ಈ ಕೆಲಸದಲ್ಲಿ ಒಂದು ವಿಚಿತ್ರ ಇತ್ತು. ಫೋಟೋ ಮೇಲಿನಿಂದ ಕೆಳಕ್ಕೆ ತೆರೆದುಕೊಳ್ಳುತ್ತದೆ. ಎಲ್ಲಿ ಒಂದು ಅಕ್ಷರ ತಪ್ಪಿತೋ ಅಲ್ಲಿಂದ ಕೆಳಗೆ ಬಣ್ಣವೆಲ್ಲ ಕೆಟ್ಟು ಬೂದಿ, ಹಸಿರು ಪಟ್ಟೆಯಾಗುತ್ತದೆ. ಆ ತಪ್ಪು ಹುಡುಕಿ ತಿದ್ದಿದರೆ ಇನ್ನೊಂದು ಬೆರಳಿನಷ್ಟು ಕೆಳಗೆ ಬರುತ್ತದೆ. ಮೊದಲ ದಿನ ಕಲ್ಲುಗೋಡೆ ಬಂತು. ಎರಡನೆಯ ದಿನ ಬರೀ ನೆತ್ತಿ. ಮೂರು, ನಾಲ್ಕನೆಯ ದಿನ ಕೆಲವು ಅಕ್ಷರ ಎರಡು ಇಂಗ್ಲಿಷ್ ಅಕ್ಷರಕ್ಕೂ ಹೊಂದುವಂಥವು ಬಂದು, ಹಣೆಯ ಹತ್ತಿರವೇ ಸಿಕ್ಕಿಕೊಂಡೆವು. ಇದು ಹಾಕಿ ನೋಡು, ಅದು ಹಾಕಿ ನೋಡು. ಆರನೆಯ ದಿನ ಮಧ್ಯಾಹ್ನ ಕಣ್ಣು ಬಂದವು. ಮಹಬೂಬಣ್ಣ ಪರದೆಗೆ ಕೈಮುಗಿಯುವ ಹಾಗೆ ಮಾಡಿ, "ಬಂದ್ಯಾ ನಮ್ಮವ್ವಾ? ಇಷ್ಟ ಬಾ, ಇನ್ನೊಂದಿಷ್ಟು ಕೆಳಗ ಬಾ" ಎಂದರು. ಆಗಲೂ ನಾನು ನಿಜ ಹೇಳಲಿಲ್ಲ.

ಎಂಟನೆಯ ದಿನ ಬಾಯಿ ಬಂತು, ನಗು ಬಂತು. ಗದ್ದದ ಕೆಳಗೆ ಬೂದಿ ಪಟ್ಟೆ. ಅಷ್ಟರಲ್ಲಿ ಹೊತ್ತು ಮುಗಿದಿತ್ತು. ಮಹಬೂಬಣ್ಣ ಪಟ್ಟೆಯನ್ನು ಕತ್ತರಿಸಿ, ಅಂಗೈಯಗಲದ ಆ ಮುಖವನ್ನು ಗೇಣುದ್ದದ ಚೌಕಟ್ಟಿನಲ್ಲಿ, ಸುತ್ತ ಬಿಳಿ ಹಾಳೆ ಬಿಟ್ಟು ಕೂರಿಸಿದರು. ದೊಡ್ಡದು ಮಾಡಿದರೆ ಒಡೆದು ಚೌಕ ಚೌಕವಾಗುತ್ತಿತ್ತು. ಲಕ್ಷ್ಮವ್ವ ಬಂದು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಕೈ ಎಲ್ಲಿ ಹೋದುವ್ರಿ?"

"ತಪ್ಪಾಗೇತವಾ. ನನ್ನಿಂದ ಹೋದುವು" ಎಂದರು ಮಹಬೂಬಣ್ಣ. ನಾನು ಪಕ್ಕದಲ್ಲೇ ಇದ್ದೆ.

"ಇರ್ಲಿ ಬಿಡ್ರಿ" ಎಂದಳು ಲಕ್ಷ್ಮವ್ವ, ಸೆರಗಿನಿಂದ ಗಾಜು ಒರೆಸುತ್ತ. "ಕೈ ಅಂತೂ ಹುಟ್ಟಿದಾಗಿಂದ ದುಡದಾವ. ಈಗರೆ ಕುಂದ್ರಲಿ."

ಅದಾದ ಮೇಲೆ ಮಹಬೂಬಣ್ಣ ಟೈಪಿಂಗ್ ಕೆಲಸ ಬಿಟ್ಟರು. "ನೀನ ಮಾಡವಾ, ನನ್ನ ಕೈಯಾಗ ಆಗಂಗಿಲ್ಲ" ಎಂದು ಜೆರಾಕ್ಸ್ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕುಷ್ಟಗಿಯವರು ಫೈಲು ತಂದರೂ ನೋಡುತ್ತಿರಲಿಲ್ಲ. ವಯಸ್ಸಾಯಿತು, ಕಾಲ ಬದಲಾಯಿತು, ಹಳೆಯ ಫಾಂಟು ಯಾರಿಗೆ ಬೇಕು ಎಂದು ನಾನು ನನಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಂಡೆ. ನನಗೆ ಈ ನೌಕರಿ ಸಿಕ್ಕಿತು, ಯಲಬುರ್ಗಾಕ್ಕೆ ಬಂದೆ. ಅವರು ಅಂಗಡಿ ಮುಚ್ಚಿ ಗಂಗಾವತಿಯಲ್ಲಿ ಮಗಳ ಮನೆ ಸೇರಿದರು. ರಂಜಾನಿಗೆ ನಾನು ಫೋನು ಮಾಡುತ್ತೇನೆ, ಯುಗಾದಿಗೆ ಅವರು ಮಾಡುತ್ತಾರೆ. ಎಲ್ಲ ಮಾತಾಡುತ್ತೇವೆ, ಇದೊಂದು ಬಿಟ್ಟು.

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಿದ್ದೆ. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ಹಿಂದೆ ಹೋಗಿ ನಿಂತು ಫೋನು ಮಾಡಿಯೇಬಿಟ್ಟೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಯಾಕೆ ಮಾಡಿದಳು ಎಂದು ಗಾಬರಿಯಾಗಿ, "ಆರಾಮ ಅದಿಯಿಲ್ಲ ತಂಗಿ?" ಎಂದರು. ಆರಾಮ ಎಂದು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾರ್ಡು ಅಳಿಸಿದ್ದು, ಕಂಪ್ಯೂಟರಿನಲ್ಲಿ ಅಳಿಸಿದ್ದು, ಸುಳ್ಳು ಹೇಳಿದ್ದು.

"ಅಂದ್ರ ಕಾರ್ಡು ನಾ ಅಳಿಸಿದ್ದಲ್ಲ?"

"ಅಲ್ರಿ ಅಣ್ಣಾರ. ನಾನ."

"ಖರೇನ?"

"ಖರೇನ್ರಿ."

ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ನಮ್ಮ ಅಬ್ಬಾಗ ಕಡೀಕ ಮರವು ಬಂದಿತ್ತು ತಂಗಿ. ನನ್ನ ಹೆಸರ ಮರತಿದ್ದ. ಅವತ್ತ ಕಾರ್ಡು ಅಳಿಸಿದ್ದು ನನಗ ನೆಪ್ಪ ಆಗಲಿಲ್ಲಲ್ಲ, ನನಗೂ ಸುರು ಆತು ಅಂದ್ಕೊಂಡೆ. ಇನ್ನೊಬ್ಬರ ಫೈಲು ಮುಟ್ಟಬಾರದು, ಏನರ ಅಳಿಸಿ ಬಿಟ್ಟೇನು ಅಂತ ಅಂಗಡಿ ಬಿಟ್ಟೆ. ಇವತ್ತಿಗೂ ಮುಂಜಾನಿ ಎದ್ದ ಕೂಡ್ಲೆ ಮೊಮ್ಮಕ್ಕಳ ಹೆಸರ ಒಂದೊಂದ ಹೇಳಿ ನೋಡ್ಕೊಂತೀನಿ. ಮರತೀನೋ, ನೆಪ್ಪ ಅದಾವೋ ಅಂತ. ಹನ್ನೆರಡು ವರ್ಷ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಕಡೆ ಅವರು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಒಮ್ಮೆಲೇ ದನಿ ಏರಿತು. ನನಗೆ ಗೊತ್ತಿದ್ದ ಮಹಬೂಬಣ್ಣನವರ ದನಿ ಅದಾಗಿರಲಿಲ್ಲ.

"ಇವತ್ತ ನಿನ್ನ ಕೂಡ ಮಾತಾಡಂಗಿಲ್ಲ ನಾ. ಭಾಳ ಸಿಟ್ಟು ಬಂದೈತಿ ನನಗ. ಆಯಿತವಾರ ಮನಿಗೆ ಬಾ, ಎದುರಿಗೆ ಕುಂದ್ರಿಸಿಕೊಂಡು ಬೈತೀನಿ."

ಫೋನು ಇಟ್ಟರು. ಪರಿಚಯವಾದಾಗಿನಿಂದ ಅವರು ನನ್ನ ಮೇಲೆ ಸಿಟ್ಟಾದದ್ದು ಇದೇ ಮೊದಲು. ನಾಳೆಯೇ ಆ ಭಾನುವಾರ. ಮೊದಲ ಬಸ್ಸಿಗೇ ಗಂಗಾವತಿಗೆ ಹೊರಡುತ್ತೇನೆ. ಬೈಸಿಕೊಳ್ಳುವುದಕ್ಕೆ ಮನುಷ್ಯರಿಗೆ ಇಷ್ಟು ಆತುರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.